ಬಂದೀಖಾನೆಯಲ್ಲಿ ಕಲೆಯ ಕೆಲಸ

ನಮ್ಮ ನುಡಿಯಲ್ಲಿ ಸೆರೆಮನೆಗೆ ಹೆಸರುಗಳು ಹಲವು. ಸೆರೆ ಎಂಬುದು ಅಚ್ಚಗನ್ನಡದ ಮಾತು. ಕಾರಾಗೃಹ ಸಂಸ್ಕೃತದಿಂದ ಬಂದುದು. ಬಂದೀಖಾನೆಯಲ್ಲಿರುವ 'ಖಾನೆ' ಪಾರಸಿಯದು. ಉತ್ತರ ಕರ್ನಾಟಕದ ಹಿರಿಯರು ತುರಂಗವೆನ್ನುತ್ತಿದ್ದರು. ಜೈಲು ಇಂಗ್ಲಿಷರ ಕೊಡುಗೆ. ಹಾಸ್ಯಕ್ಕೆ 'ಮಾವನ ಮನೆ' ಎನ್ನುವುದೂ ಉಂಟು. ಆಳುವವರು ಬದಲಾದಂತೆ ಹೆಸರು ಬದಲಾಯಿತು. ಗೋಡೆಯ ಎತ್ತರ ಮಾತ್ರ ಹಾಗೆಯೇ ಉಳಿಯಿತು. ಈಚಿನ ದಶಕಗಳಲ್ಲಿ ಇನ್ನೊಂದು ಬಗೆಯ ಹೆಸರು ಬಳಕೆಗೆ ಬಂದಿದೆ. ನಮ್ಮ ರಾಜ್ಯದ ಇಲಾಖೆ 'ಕಾರಾಗೃಹ ಮತ್ತು ಸುಧಾರಣಾ ಸೇವೆ' ಎಂಬ ಹೆಸರನ್ನು ಹೊತ್ತಿದೆ. ಪಶ್ಚಿಮ ಬಂಗಾಳದಲ್ಲಿ ಸೆರೆಮನೆಯನ್ನು 'ಸಂಶೋಧನಾಗಾರ'ವೆಂದು ಕರೆಯುತ್ತಾರೆ. ಕನ್ನಡಿಗರ ಕಿವಿಗೆ ಇದು ವಿದ್ವಾಂಸರು ಕುಳಿತು ಓಲೆಗರಿ ಪರಿಶೀಲಿಸುವ ಸ್ಥಳದಂತೆ ಕೇಳಿಸೀತು. ಆದರೆ ಬಂಗಾಳಿಯಲ್ಲಿ ಸಂಶೋಧನವೆಂದರೆ ತಿದ್ದುವುದು ಎಂದು ಅರ್ಥ.

ಹೆಸರಿಡುವುದೆಂದರೆ ಮಾತು ಕೊಟ್ಟಂತೆ. ತಿದ್ದುತ್ತೇವೆಂದು ಬಾಗಿಲ ಮೇಲಿನ ಫಲಕದಲ್ಲಿ ಬರೆಸಿದ ಮೇಲೆ, ಒಳಗೆ ಆ ತಿದ್ದುವ ಕೆಲಸ ಹೇಗೆ ನಡೆಯುತ್ತದೆಂದು ಕೇಳುವ ಹಕ್ಕು ನಾಗರಿಕರಾದ ನಮಗೆ ಬರುತ್ತದೆ. ಆ ಕೆಲಸದಲ್ಲಿ ನಾಟಕ, ನೃತ್ಯ, ಚಿತ್ರ, ಬರವಣಿಗೆ ಮೊದಲಾದ ಕಲೆಗಳ ಪಾಲೇನು, ಅವು ಏನನ್ನು ಮಾಡಬಲ್ಲವು, ಏನನ್ನು ಮಾಡಲಾರವು ಎಂಬುದೇ ನನ್ನ ಇಂದಿನ ಮಾತಿನ ವಿಷಯ.

ಸೆರೆಮನೆ ಸೇರಿದವರಲ್ಲಿ ಬಹುಮಂದಿ ಒಂದಲ್ಲ ಒಂದು ದಿನ ಹೊರಗೆ ಬರುವವರೇ. ಅವರು ನಮ್ಮೊಡನೆ ಬಸ್ಸು ಹತ್ತುತ್ತಾರೆ. ನಮ್ಮ ಬೀದಿಯಲ್ಲಿ ಬಾಡಿಗೆಗೆ ಮನೆ ಕೇಳುತ್ತಾರೆ. ಆ ಹೊತ್ತಿಗೆ ಅವರು ಎಂಥವರಾಗಿರುತ್ತಾರೆ ಎಂಬುದು ಕರುಣೆಗೆ ಸಂಬಂಧಿಸಿದ ಪ್ರಶ್ನೆಯಷ್ಟೇ ಅಲ್ಲ, ಊರಿನ ನೆಮ್ಮದಿಗೆ ಸಂಬಂಧಿಸಿದ ಪ್ರಶ್ನೆಯೂ ಹೌದು. ನೇಯ್ಗೆ, ಬಡಗಿ ಕೆಲಸ, ಹೊಲಿಗೆ ಇವುಗಳನ್ನು ದೊಡ್ಡ ಸೆರೆಮನೆಗಳಲ್ಲಿ ಬಹುಕಾಲದಿಂದ ಕಲಿಸುತ್ತ ಬಂದಿದ್ದಾರೆ. ಕೈಗೆ ಕಸುಬು ಬಂದರೆ ಹೊಟ್ಟೆಯ ಚಿಂತೆ ತಕ್ಕಮಟ್ಟಿಗೆ ತಪ್ಪೀತು. ಆದರೆ ಸಿಟ್ಟನ್ನು ನುಂಗುವುದು, ಎದುರಿಗಿರುವವನ ಮಾತನ್ನು ಕೊನೆಯವರೆಗೆ ಕೇಳುವುದು, ನನ್ನ ಕೈ ಮಾಡಿದ ಕೆಲಸದಿಂದ ಇನ್ನೊಬ್ಬರ ಮನೆಯಲ್ಲಿ ಏನಾಯಿತೆಂದು ಊಹಿಸುವುದು—ಇವನ್ನು ಮಗ್ಗ ಕಲಿಸಲಾರದು. ಇಲ್ಲಿಯೇ ಕಲೆಯ ಕೆಲಸ ಮೊದಲಾಗುತ್ತದೆ.

ಕಾನೂನು ಈ ಮಾತನ್ನು ಒಪ್ಪಿಕೊಂಡು ಬಹಳ ಕಾಲವಾಯಿತು. 1977ರಲ್ಲಿ ಮಹಮ್ಮದ್ ಗಿಯಾಸುದ್ದೀನ್ ಎಂಬಾತನ ಮೊಕದ್ದಮೆಯ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು, ಶಿಕ್ಷೆಯ ಗುರಿ ಸೇಡಾಗದೆ ಮನುಷ್ಯನನ್ನು ಮರಳಿ ಸಮಾಜಕ್ಕೆ ಸೇರಿಸುವುದಾಗಬೇಕೆಂಬ ದೃಷ್ಟಿಯನ್ನು ವಿಸ್ತಾರವಾಗಿ ಮಂಡಿಸಿದರು. 2015ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ, ನೆಲ್ಸನ್ ಮಂಡೇಲಾ ಅವರ ಹೆಸರು ಹೊತ್ತ ನಿಯಮಗಳಲ್ಲಿ 105ನೆಯದು, ಬಂದಿಗಳ ದೇಹ ಮನಸ್ಸುಗಳ ಆರೋಗ್ಯಕ್ಕಾಗಿ ಎಲ್ಲ ಸೆರೆಮನೆಗಳಲ್ಲೂ ಸಾಂಸ್ಕೃತಿಕ ಚಟುವಟಿಕೆಗಳನ್ನು ಏರ್ಪಡಿಸತಕ್ಕದ್ದೆಂದು ಹೇಳುತ್ತದೆ. 27 ವರ್ಷ ಸೆರೆಯಲ್ಲಿ ಕಳೆದ ಮಹನೀಯನ ಹೆಸರಿನಲ್ಲಿ ಇಂಥ ನಿಯಮವಿರುವುದು ಉಚಿತವೇ. ಆದರೆ ನಿಯಮವು ದಾರಿ ತೋರಿಸುತ್ತದೆಯೇ ಹೊರತು ನಡೆಯುವುದಿಲ್ಲ. ನಡೆದವರ ಕೆಲವು ಉದಾಹರಣೆಗಳನ್ನು ನೋಡೋಣ.

ಮೊದಲನೆಯದು ದೂರದ ಅಮೆರಿಕದ್ದು. ಕ್ಯಾಲಿಫೋರ್ನಿಯದ ಸ್ಯಾನ್ ಕ್ವೆಂಟಿನ್ ಸೆರೆಮನೆಯಲ್ಲಿ 1957ರ ನವೆಂಬರ್ 19ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರದ ನಟರ ತಂಡವೊಂದು ಸ್ಯಾಮ್ಯುಯೆಲ್ ಬೆಕೆಟ್‌ನ 'ವೇಟಿಂಗ್ ಫಾರ್ ಗೋಡೋ' ನಾಟಕವನ್ನು ಆಡಿತು. ನಿರ್ದೇಶಕ ಹರ್ಬರ್ಟ್ ಬ್ಲೌ. ನೋಡಲು ಕುಳಿತ ಬಂದಿಗಳು ಸುಮಾರು 1400 ಮಂದಿ. ಈ ನಾಟಕವನ್ನು ಆರಿಸಿದ್ದಕ್ಕೆ ಇದ್ದ ಕಾರಣಗಳಲ್ಲಿ ಒಂದು, ಇದರಲ್ಲಿ ಸ್ತ್ರೀಪಾತ್ರವಿಲ್ಲವೆಂಬ ಅನುಕೂಲ! ಇಬ್ಬರು ಅಲೆಮಾರಿಗಳು ಮರದ ಕೆಳಗೆ ಯಾರಿಗಾಗಿಯೋ ಕಾಯುತ್ತಾರೆ, ಆತ ಬರುವುದಿಲ್ಲ, ನಾಟಕ ಮುಗಿಯುತ್ತದೆ. ದೊಡ್ಡ ದೊಡ್ಡ ನಗರಗಳ ಸುಶಿಕ್ಷಿತ ಪ್ರೇಕ್ಷಕರೇ ಇದರ ತಲೆಬುಡ ತಿಳಿಯದೆ ಗೊಣಗಿದ್ದರು. ಸೆರೆಮನೆಯ ಪ್ರೇಕ್ಷಕರು ಗಲಾಟೆ ಮಾಡಿಯಾರೆಂದು ನಟರಿಗೆ ಅಂಜಿಕೆಯಿತ್ತು. ಆದರೆ ಅವರು ಸದ್ದಿಲ್ಲದೆ ಕುಳಿತು ನೋಡಿದರು. ಕಾಯುವುದೆಂದರೇನೆಂಬುದನ್ನು ಅವರಿಗೆ ಯಾವ ವಿಮರ್ಶಕನೂ ವಿವರಿಸಬೇಕಾಗಿರಲಿಲ್ಲ.

ಆ ಸಂಜೆ ಕೋಣೆಯಿಂದ ಹೊರಬರಲು ಅಪ್ಪಣೆಯಿಲ್ಲದೆ, ಸೆರೆಮನೆಯ ಧ್ವನಿವರ್ಧಕದಲ್ಲಿ ನಾಟಕದ ಮಾತುಗಳನ್ನು ಕೇಳಿಸಿಕೊಂಡ ಬಂದಿಯೊಬ್ಬನಿದ್ದ. ರಿಕ್ ಕ್ಲೂಚಿ ಎಂದು ಅವನ ಹೆಸರು. ದರೋಡೆ ಮತ್ತು ಅಪಹರಣದ ಅಪರಾಧಕ್ಕೆ ಜೀವಾವಧಿ ಶಿಕ್ಷೆ. ಮುಂದೆ ಅವನೂ ಅವನ ಜೊತೆಯವರೂ ಸೇರಿ ಸೆರೆಮನೆಯಲ್ಲಿಯೇ ನಾಟಕ ತಂಡವೊಂದನ್ನು ಕಟ್ಟಿ ಬೆಕೆಟ್‌ನ ನಾಟಕಗಳನ್ನು ತಾವೇ ಆಡಿದರು. 1966ರಲ್ಲಿ ಕ್ಲೂಚಿ ಬಿಡುಗಡೆ ಹೊಂದಿದ. 1977ರಲ್ಲಿ ಬರ್ಲಿನ್ ನಗರದಲ್ಲಿ ಸ್ವತಃ ಬೆಕೆಟ್‌ನೇ ಅವನಿಗೆ ನಾಟಕ ನಿರ್ದೇಶಿಸಿದ. ಆಕಾಶವಾಣಿಯಲ್ಲಿ ಮಾತನಾಡುತ್ತಿರುವ ನನಗೆ ಈ ಕಥೆಯಲ್ಲಿ ವಿಶೇಷವಾಗಿ ಹಿಡಿಸುವ ಅಂಶವೆಂದರೆ, ಒಬ್ಬ ಮನುಷ್ಯನ ಬಾಳು ತಿರುಗಿದ್ದು ಕಣ್ಣಿಗೆ ಕಾಣದ, ಬರಿಯ ಕಿವಿಗೆ ಬಿದ್ದ ನಾಟಕದಿಂದ ಎಂಬುದು.

ಎರಡನೆಯ ಉದಾಹರಣೆ ಕೋಲ್ಕತ್ತದ್ದು. ಅಲ್ಲಿನ ಪ್ರೆಸಿಡೆನ್ಸಿ ಸಂಶೋಧನಾಗಾರದಲ್ಲಿ ನರ್ತಕಿ ಅಲೋಕಾನಂದಾ ರಾಯ್ ಅವರು 2007ರಿಂದ ಬಂದಿಗಳಿಗೆ ನೃತ್ಯ ಕಲಿಸತೊಡಗಿದರು. ಮುಂದೆ ಅವರು ಎತ್ತಿಕೊಂಡ ಕೃತಿ ರವೀಂದ್ರರ 'ವಾಲ್ಮೀಕಿ ಪ್ರತಿಭಾ'. 1881ರಲ್ಲಿ ಜೋಡಾಸಾಂಕೋದ ಮನೆಯಲ್ಲಿ ತರುಣ ರವೀಂದ್ರರೇ ವಾಲ್ಮೀಕಿಯಾಗಿ ನಟಿಸಿದ್ದ ಗೀತನಾಟಕ ಅದು. ಬಲಿಗೆಂದು ಹಿಡಿದು ತಂದ ಹುಡುಗಿಯ ಅಳಲನ್ನು ಕೇಳಿ ದರೋಡೆಕಾರನೊಬ್ಬನ ಎದೆ ಕರಗುವುದು, ಕೊನೆಗೆ ಅವನೇ ಕವಿಯಾಗುವುದು ಅದರ ವಸ್ತು. ಕೊಲೆ ಸುಲಿಗೆಗಳ ಆಪಾದನೆ ಹೊತ್ತವರಿಂದಲೇ ಈ ಕಥೆಯನ್ನು ಆಡಿಸಿದರು. ವಾಲ್ಮೀಕಿಯ ಪಾತ್ರ ವಹಿಸಿದ ನೈಜೆಲ್ ಅಕ್ಕರ ಎಂಬ ಯುವಕ ಬಿಡುಗಡೆಯಾದ ಮೇಲೆ ತನ್ನದೇ ಉದ್ಯಮ ತೆರೆದು, ಸೆರೆಯಿಂದ ಹೊರಬಂದ ಇತರರಿಗೂ ಅದರಲ್ಲಿ ಕೆಲಸ ಕೊಟ್ಟ. 2012ರಲ್ಲಿ ತೆರೆಕಂಡ 'ಮುಕ್ತಧಾರಾ' ಎಂಬ ಬಂಗಾಳಿ ಚಲನಚಿತ್ರದಲ್ಲಿ ಮುಖ್ಯ ಪಾತ್ರ ವಹಿಸಿದ. ಬಂದಿಗಳು ಅಲೋಕಾನಂದಾ ಅವರನ್ನು 'ಮಾ' ಎಂದು ಕರೆಯುತ್ತಿದ್ದರು. ನಮ್ಮ ಆದಿಕವಿಯೇ ಬೇಡರ ಗುಂಪಿನಿಂದ ಎದ್ದು ಬಂದವನೆಂದು ಕಥೆ ಹೇಳಿಕೊಂಡು ಬಂದ ನಾಡಿನಲ್ಲಿ, ಆ ಕಥೆಯನ್ನು ಅಕ್ಷರಶಃ ನಂಬಿ ಕೆಲಸಕ್ಕೆ ಕೈಹಾಕಿದವರು ಎಷ್ಟು ಮಂದಿ?

ನಮ್ಮ ನಾಡಿನಲ್ಲಿಯೂ ಅಂಥವರಿದ್ದಾರೆ. ಬಿ. ವಿ. ಕಾರಂತರು 1989ರಲ್ಲಿ ಮೈಸೂರಿನಲ್ಲಿ ಕಟ್ಟಿದ ರಂಗಾಯಣದ ನಟ ಹುಲುಗಪ್ಪ ಕಟ್ಟೀಮನಿಯವರು 1990ರ ದಶಕದ ಕೊನೆಯಿಂದ ಕರ್ನಾಟಕದ ಸೆರೆಮನೆಗಳಲ್ಲಿ ಬಂದಿಗಳಿಂದ ನಾಟಕ ಆಡಿಸುತ್ತ ಬಂದರು. 'ಸಂಕಲ್ಪ' ಎಂಬುದು ಅವರ ತಂಡದ ಹೆಸರು. ಆ ನಾಟಕಗಳಲ್ಲಿ ಎಚ್. ಎಸ್. ಶಿವಪ್ರಕಾಶರ 'ಮಾರನಾಯಕನ ದೃಷ್ಟಾಂತ' ವಿಶೇಷವಾಗಿ ನೆನೆಯತಕ್ಕದ್ದು. ಅದು ಷೇಕ್ಸ್‌ಪಿಯರನ 'ಮ್ಯಾಕ್‌ಬೆತ್' ನಾಟಕದ ಕನ್ನಡ ರೂಪ. ಮ್ಯಾಕ್‌ಬೆತ್ ಕನ್ನಡಕ್ಕೆ ಹೊಸಬನಲ್ಲ. ಎಂ. ಎಲ್. ಶ್ರೀಕಂಠೇಶಗೌಡರು ಅವನನ್ನು 'ಪ್ರತಾಪರುದ್ರದೇವ'ನನ್ನಾಗಿ ಮಾಡಿದ್ದರು, ಡಿ. ವಿ. ಗುಂಡಪ್ಪನವರು ಆ ನಾಟಕವನ್ನು ಅನುವಾದಿಸಿದರು. ಮನೆಗೆ ಅತಿಥಿಯಾಗಿ ಬಂದ ದೊರೆಯನ್ನು ಇರುಳಿನಲ್ಲಿ ಕೊಂದು ಪಟ್ಟವೇರಿದವನು, ಅಂದಿನಿಂದಲೇ ನಿದ್ದೆ ಕಳೆದುಕೊಂಡವನು ಈ ನಾಟಕದ ನಾಯಕ. ಮೂವತ್ತು ವರ್ಷಗಳ ಕಾಲ ಕಾಲೇಜಿನ ತರಗತಿಗಳಲ್ಲಿ ದುರಂತ ನಾಯಕನ ಲಕ್ಷಣಗಳನ್ನು ವಿವರಿಸಿದವನು ನಾನು. ನನ್ನ ವಿದ್ಯಾರ್ಥಿಗಳಿಗೆ ಆ ನಿದ್ದೆಗೇಡು ಪರೀಕ್ಷೆಯಲ್ಲಿ ಐದು ಅಂಕದ ಟಿಪ್ಪಣಿಯಾಗಿತ್ತು. ಸೆರೆಮನೆಯ ನಟರಲ್ಲಿ ಅದನ್ನು ಪಠ್ಯದ ಆಚೆ ಬಲ್ಲವರು ಇದ್ದಿರಲೇಬೇಕು.

ನಾಟಕವು ಬಂದಿಯ ಮೇಲೆ ಹೇಗೆ ಕೆಲಸ ಮಾಡುತ್ತದೆ? ಜನ ಸಾಮಾನ್ಯವಾಗಿ, ಕಲೆ ಮನಸ್ಸನ್ನು ಮೃದುಗೊಳಿಸುತ್ತದೆ ಎಂದು ಹೇಳಿ ಮುಗಿಸುತ್ತಾರೆ. ಇದು ಸಾಲದು. ರಂಗದ ಮೇಲೆ ಕಾಣುವ ಎರಡು ಗಂಟೆಯ ಆಟಕ್ಕಿಂತ ಹಿಂದಿನ ತಿಂಗಳುಗಳ ತಾಲೀಮನ್ನು ಗಮನಿಸಬೇಕು. ತಾಲೀಮಿಗೆ ಹೊತ್ತಿಗೆ ಸರಿಯಾಗಿ ಬರಬೇಕು. ತನ್ನ ಮಾತು ಬರುವವರೆಗೆ ಸುಮ್ಮನಿರಬೇಕು. ಜೊತೆಯವನು ಮಾತು ಮರೆತರೆ ಬೈಯದೆ ಎತ್ತಿಕೊಡಬೇಕು. ನಾಳೆ ತಾನು ಮರೆತಾಗ ಅವನು ಎತ್ತಿಕೊಡುತ್ತಾನೆಂಬ ನಂಬಿಕೆಯಿರಬೇಕು. ಯಾರನ್ನೂ ನಂಬಬಾರದೆಂಬುದೇ ಉಳಿವಿನ ಸೂತ್ರವಾಗಿರುವ ಸ್ಥಳದಲ್ಲಿ ಇದು ಸಣ್ಣ ಕಲಿಕೆಯಲ್ಲ. ಅಕ್ಷರ ಬಾರದವನಿಗೂ ಇಲ್ಲಿ ಎಡೆಯುಂಟು. ನಮ್ಮ ಹಳ್ಳಿಗಳ ದೊಡ್ಡಾಟದ ಮಾಸ್ತರರು ಓದು ಬಾರದ ರೈತರಿಗೆ ಬಾಯಿಂದ ಬಾಯಿಗೆ ಪದ, ಮಾತುಗಳನ್ನು ಕಲಿಸಿ ಅವರನ್ನು ಅರ್ಜುನ, ಕರ್ಣರನ್ನಾಗಿ ನಿಲ್ಲಿಸಲಿಲ್ಲವೆ? ಆ ಹಳೆಯ ವಿದ್ಯೆಯೇ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಎರಡನೆಯದು ಪಾತ್ರದ ಕೆಲಸ. ನ್ಯಾಯಾಲಯದ ಕಡತದಲ್ಲಿ ಮನುಷ್ಯನಿಗೆ ಒಂದೇ ಗುರುತು; ಅವನು ಮಾಡಿದ ಒಂದು ಕೃತ್ಯವೇ ಅವನು. ವರ್ಷಗಳು ಕಳೆದಂತೆ ಅವನೂ ಹಾಗೆಯೇ ನಂಬುತ್ತಾನೆ. ವೇಷ ತೊಟ್ಟಾಗ, ತಾನು ಬೇರೊಬ್ಬನಾಗಲೂ ಸಾಧ್ಯವೆಂಬುದನ್ನು ಅವನ ಮೈ ಮೊದಲು ಅರಿಯುತ್ತದೆ, ಬುದ್ಧಿ ಆಮೇಲೆ. ಅದೂ ಅಲ್ಲದೆ, ಪಾತ್ರಗಳನ್ನು ಹಂಚುವಾಗ ಎಲ್ಲರಿಗೂ ಕೊಲ್ಲುವವನ ಪಾತ್ರ ಸಿಕ್ಕುವುದಿಲ್ಲ. ಗಂಡಸರ ಸೆರೆಮನೆಯಲ್ಲಿ, ನಮ್ಮ ಹಳೆಯ ವೃತ್ತಿನಾಟಕ ಕಂಪನಿಗಳಲ್ಲಿದ್ದಂತೆ, ಸ್ತ್ರೀಪಾತ್ರವನ್ನೂ ಗಂಡಸೇ ಮಾಡಬೇಕಾದೀತು. ಹೆಂಡತಿಯ ಮೇಲೆ ಕೈಮಾಡಿದವನು ರಂಗದ ಮೇಲೆ ಹೆಂಡತಿಯಾಗಿ ನಿಂತು ಏಟು ತಿನ್ನುವ ಪ್ರಸಂಗ ಬಂದರೆ, ಆ ಏಟು ಬಣ್ಣ ತೊಳೆದ ಮೇಲೂ ಅವನೊಡನೆ ಉಳಿಯುವುದು ಸಾಧ್ಯ. ಉಪದೇಶ ಮಾಡುವವನು ಹೊರಗೆ ನಿಂತು ಹೇಳುತ್ತಾನೆ. ಪಾತ್ರ ಒಳಗಿನಿಂದ ಕೇಳುತ್ತದೆ.

ಆದುದರಿಂದ ಕಲೆ ಬಂದಿಗೆ ನೀಡುವುದು ಸಮಾಧಾನವನ್ನಷ್ಟೇ ಎಂದು ತಿಳಿಯಬಾರದು. ಕೆಲವೊಮ್ಮೆ ಅದು ನೋವನ್ನು ಹೆಚ್ಚಿಸುತ್ತದೆ. ಇಟಲಿಯ ತಾವಿಯಾನಿ ಸೋದರರು ರೋಮ್ ನಗರದ ರೆಬಿಬ್ಬಿಯ ಸೆರೆಮನೆಯ ಬಂದಿಗಳು 'ಜೂಲಿಯಸ್ ಸೀಸರ್' ನಾಟಕವನ್ನು ಸಿದ್ಧಪಡಿಸುವುದನ್ನು ಚಲನಚಿತ್ರವಾಗಿ ತೆಗೆದರು. 2012ರ ಬರ್ಲಿನ್ ಚಿತ್ರೋತ್ಸವದಲ್ಲಿ ಅದಕ್ಕೆ ಅತ್ಯುನ್ನತ ಪ್ರಶಸ್ತಿ ದೊರೆಯಿತು. ನಾಟಕ ಮುಗಿದು ತನ್ನ ಕೋಣೆಗೆ ಮರಳಿದ ನಟನೊಬ್ಬ, ಕಲೆಯ ಪರಿಚಯವಾದ ಮೇಲೆಯೇ ಆ ಕೋಣೆ ತನಗೆ ಸೆರೆಯೆನಿಸಿತೆಂಬ ಅರ್ಥದ ಮಾತನ್ನು ಅಲ್ಲಿ ಆಡುತ್ತಾನೆ. ಮರಗಟ್ಟಿದ ಕಾಲಿಗೆ ರಕ್ತ ಹರಿದಾಗ ಜುಮ್ಮೆಂದು ನೋಯುವುದಿಲ್ಲವೆ? ಹಾಗೆಯೇ ಇದು. ಏನನ್ನು ಕಳೆದುಕೊಂಡೆ, ಯಾರಿಂದ ಏನನ್ನು ಕಿತ್ತುಕೊಂಡೆ ಎಂಬ ಅರಿವಿಲ್ಲದೆ ಪರಿವರ್ತನೆಯಿಲ್ಲ; ಆ ಅರಿವು ನೋವಿಲ್ಲದೆ ಬರುವುದೂ ಇಲ್ಲ.

ಎಲ್ಲರೂ ರಂಗವೇರಬೇಕೆಂದಿಲ್ಲ. ಸ್ಪೇನಿನ ಅಂತರ್ಯುದ್ಧದ ಕಾಲದಲ್ಲಿ, 1937ರಲ್ಲಿ, ಫ್ರಾಂಕೊ ಪಕ್ಷದವರ ಸೆರೆಯಲ್ಲಿ ಮರಣದಂಡನೆಯನ್ನು ಎದುರುನೋಡುತ್ತ ಕುಳಿತಿದ್ದ ಲೇಖಕ ಆರ್ಥರ್ ಕೆಸ್ಲರ್, ಮುಂದೆ ಇಂಗ್ಲೆಂಡಿನಲ್ಲಿ ನೆಲೆಸಿ, 1962ರಲ್ಲಿ ಬಂದಿಗಳ ಚಿತ್ರ, ಬರವಣಿಗೆ, ಸಂಗೀತಗಳಿಗಾಗಿ ಬಹುಮಾನಗಳನ್ನು ಸ್ಥಾಪಿಸಿದ. ಕೋಣೆಯ ಒಂಟಿತನವನ್ನು ಸ್ವತಃ ಉಂಡವನಿಗೆ, ಮಾಡಲು ಕೆಲಸವಿಲ್ಲದ ಮನಸ್ಸು ತನ್ನನ್ನೇ ಹೇಗೆ ಕಡಿಯುತ್ತದೆಂಬುದು ಗೊತ್ತಿತ್ತು. ನಾಲ್ಕು ಜನರ ಮುಂದೆ ನಿಲ್ಲಲಾರದವನು ಕಾಗದದ ಮೇಲೆ ಗೆರೆಯೆಳೆಯಬಲ್ಲ. ತಾಯಿಗೆ ಕಾಗದ ಬರೆಯುವ ನೆಪದಲ್ಲಿ ತನ್ನ ಕಥೆಯನ್ನು ತಾನೇ ಮೊದಲ ಬಾರಿಗೆ ಓದಬಲ್ಲ.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಲೇಬೇಕು. ಕೊಲೆಗಾರನಿಗೆ ಜನ ಚಪ್ಪಾಳೆ ತಟ್ಟುವಾಗ, ಕೊಲೆಯಾದವನ ತಾಯಿ ಎಲ್ಲಿ ಕುಳಿತಿರುತ್ತಾಳೆ? ಇದು ನ್ಯಾಯವಾದ ಪ್ರಶ್ನೆ. ಇದನ್ನು ಕೇಳುವವರನ್ನು ಕಲ್ಲೆದೆಯವರೆಂದು ತಳ್ಳಿಹಾಕುವುದು ಸಲ್ಲದು. ಇದಕ್ಕೆ ನನಗೆ ತೋರುವ ಉತ್ತರ ನಮ್ಮ ಕಾವ್ಯಪರಂಪರೆಯಲ್ಲಿದೆ. ರನ್ನನ 'ಗದಾಯುದ್ಧ'ದಲ್ಲಿ ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತಾನೆ. ತನ್ನ ಹಟದಿಂದ ಸತ್ತ ಗುರು, ಮಗ, ತಮ್ಮ, ಗೆಳೆಯ ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ಕಾಣುತ್ತಾನೆ. ಹಗೆಯ ಮಗನಾದ ಅಭಿಮನ್ಯುವಿನ ಹೆಣದ ಮುಂದೆಯೂ ನಿಲ್ಲುತ್ತಾನೆ. ಓದುವ ನಮಗೆ ಅವನ ಮೇಲೆ ಮರುಕ ಹುಟ್ಟುತ್ತದೆ. ಆದರೆ ರನ್ನ ಅವನನ್ನು ನಿರ್ದೋಷಿಯೆಂದು ಬಿಟ್ಟುಬಿಡುವುದಿಲ್ಲ; ಭೀಮನ ಗದೆ ತನ್ನ ಕೆಲಸ ಮಾಡಿಯೇ ತೀರುತ್ತದೆ. ನಾಗಚಂದ್ರನ ರಾವಣ ಪಶ್ಚಾತ್ತಾಪ ಪಟ್ಟನೆಂದು ಯುದ್ಧ ನಿಲ್ಲಲಿಲ್ಲ. ಶಿಕ್ಷೆ ಬೇರೆ, ತಿರಸ್ಕಾರ ಬೇರೆ ಎಂಬುದನ್ನು ನಮ್ಮ ಕವಿಗಳು ಸಾವಿರ ವರ್ಷಗಳ ಹಿಂದೆಯೇ ಬಲ್ಲವರಾಗಿದ್ದರು. ಬಂದಿಯ ನಾಟಕವೂ ಶಿಕ್ಷೆಯ ಒಂದು ದಿನವನ್ನೂ ತನ್ನಷ್ಟಕ್ಕೆ ಕಡಿಮೆ ಮಾಡಬೇಕಾಗಿಲ್ಲ. ಅವನು ಆ ಹೆಣಗಳ ನಡುವೆ ನಡೆಯುವಂತೆ ಮಾಡಿದರೆ ಸಾಕು.

ಇನ್ನೊಂದು ಎಚ್ಚರಿಕೆಯೂ ಬೇಕು. ನಾಟಕ ಆಡಿದವರು ಮತ್ತೆ ತಪ್ಪು ಮಾಡಲಿಲ್ಲವೆಂದು ಹೇಳಿ, ಅದೆಲ್ಲ ನಾಟಕದ ಫಲವೆಂದು ಮೆರೆಸುವುದು ಸುಲಭ. ಬದಲಾಗಬೇಕೆಂಬ ಮನಸ್ಸಿದ್ದವರೇ ಮೊದಲು ನಾಟಕಕ್ಕೆ ಹೆಸರು ಕೊಟ್ಟಿರಬಹುದಲ್ಲವೆ? ಕಲೆಯನ್ನು ಸರ್ವರೋಗಕ್ಕೆ ಮದ್ದೆಂದು ಮಾರುವವರು ಕಲೆಗೆ ಅಪಕಾರವನ್ನೇ ಮಾಡುತ್ತಾರೆ. ಗಣ್ಯರು ಬಂದ ದಿನ ಹಾರ ತುರಾಯಿಗಳೊಡನೆ ನಡೆದು, ಮರುದಿನ ಮರೆತುಹೋಗುವ ಕಾರ್ಯಕ್ರಮಗಳನ್ನು ಈ ಲೆಕ್ಕಕ್ಕೆ ಹಿಡಿಯಲೇಬಾರದು.

ಇದೆಲ್ಲಕ್ಕಿಂತ ನನ್ನನ್ನು ಕಾಡುವ ಸಂಗತಿ ಬೇರೊಂದಿದೆ. ಸರ್ಕಾರದ ಲೆಕ್ಕದಂತೆ 2022ರ ಕೊನೆಗೆ ಭಾರತದ ಸೆರೆಮನೆಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ, ಎಂದರೆ ನಾಲ್ವರಲ್ಲಿ ಮೂವರು, ವಿಚಾರಣೆ ಇನ್ನೂ ಮುಗಿಯದವರು. ಅವರು ತಪ್ಪಿತಸ್ಥರೆಂದು ಯಾವ ನ್ಯಾಯಾಲಯವೂ ಹೇಳಿರಲಿಲ್ಲ. ನಾಟಕಕ್ಕೆ ತಿಂಗಳುಗಟ್ಟಲೆ ತಾಲೀಮು ಬೇಕು; ಎಂದು ಮೊಕದ್ದಮೆಯ ಕರೆ ಬರುವುದೋ, ಎಂದು ಜಾಮೀನು ಸಿಕ್ಕುವುದೋ ತಿಳಿಯದವನನ್ನು ಪಾತ್ರಕ್ಕೆ ಆರಿಸುವುದು ಕಷ್ಟ. ಆದುದರಿಂದ ಇಂಥ ಪ್ರಯತ್ನಗಳು ಸಹಜವಾಗಿಯೇ ದೀರ್ಘ ಶಿಕ್ಷೆಯವರ ಕಡೆ ವಾಲುತ್ತವೆ. ಗೋಡೋನಿಗಾಗಿ ಕಾಯುವವರಂತೆ ನಿಜವಾಗಿ ಕಾಯುತ್ತಿರುವವರು ಈ ವಿಚಾರಣಾಧೀನರು. ತಾಲೀಮು ಬೇಡದ ಕಲೆಗಳಾದರೂ, ಓದು, ಚಿತ್ರ, ಭಜನೆ, ಕಥೆ ಹೇಳುವುದು, ಇವರಿಗೆ ಎಟುಕುವಂತಾಗಬೇಕು.

ಬಂದಿಗಳು ಆಡಿದ ನಾಟಕವೊಂದನ್ನು ನಾನು ಹೊರಗಿನ ರಂಗಮಂದಿರದಲ್ಲಿ ನೋಡಿದ್ದೇನೆ. ನನ್ನ ಪಕ್ಕದಲ್ಲಿ ವಯಸ್ಸಾದ ಹೆಣ್ಣುಮಗಳೊಬ್ಬಳು ಸೆರಗು ಹೊದ್ದು ಕುಳಿತಿದ್ದಳು, ಯಾರೊಡನೆಯೂ ಮಾತಿಲ್ಲ. ಆಟದ ನಡುವೆ ಜನ ಚಪ್ಪಾಳೆ ತಟ್ಟಿದಾಗ ಆಕೆ ನನ್ನತ್ತ ಬಾಗಿ, "ಆ ಮಂತ್ರಿ ವೇಷದವನು ನನ್ನ ಮಗ ಸ್ವಾಮಿ" ಎಂದಳು. ಎಷ್ಟು ವರ್ಷಗಳ ಮೇಲೆ ಆ ಮಾತನ್ನು ಆಕೆ ಅಪರಿಚಿತನೊಬ್ಬನೆದುರು ಆಡಿದಳೋ! ಆಟ ಮುಗಿದ ಮೇಲೆ, ಬಣ್ಣ ತೊಳೆಯುವ ಮುನ್ನವೇ ಪೊಲೀಸರು ನಟರನ್ನು ಸಾಲಾಗಿ ನಿಲ್ಲಿಸಿ ತಲೆ ಎಣಿಸಿದರು. ಅವರ ಕರ್ತವ್ಯ ಅವರು ಮಾಡಿದರು. ಆದರೆ ಆ ರಾತ್ರಿ ಶಿಕ್ಷೆಯಿಂದ ಸ್ವಲ್ಪ ಬಿಡುಗಡೆ ಪಡೆದವಳು, ಯಾವ ತಪ್ಪನ್ನೂ ಮಾಡದೆ ಶಿಕ್ಷೆ ಉಣ್ಣುತ್ತಿದ್ದ ಆ ತಾಯಿ ಎಂದು ನನಗೆ ಅನ್ನಿಸಿತು.

ಈ ಕಾರಣದಿಂದಲೇ, ಸೆರೆಮನೆಯ ಕಲೆಯಲ್ಲಿ ಅರ್ಧ ಪಾಲು ಪ್ರೇಕ್ಷಕನದೆಂದು ನಾನು ಹೇಳುತ್ತೇನೆ. ಬಂದಿ ತನ್ನನ್ನು ಬೇರೊಂದು ಕಣ್ಣಿನಿಂದ ನೋಡಿಕೊಳ್ಳುವುದನ್ನು ಕಲಿತರೂ, ಹೊರಗಿನ ನಮ್ಮ ಕಣ್ಣು ಹಳೆಯದೇ ಆಗಿದ್ದರೆ, ನಾವು ಅವನಲ್ಲಿ ಅರಿವನ್ನು ಎಬ್ಬಿಸಿ ಬಾಗಿಲು ಹಾಕಿದಂತಾಗುತ್ತದೆ. ಅದಕ್ಕಿಂತ ಎಬ್ಬಿಸದಿರುವುದೇ ಲೇಸು. ಕೇಳುಗರಲ್ಲಿ ನನ್ನ ಬಿನ್ನಹ ಇಷ್ಟೆ: ಬಂದಿಗಳ ನಾಟಕ ನಿಮ್ಮೂರಿಗೆ ಬಂದರೆ ಹೋಗಿ ನೋಡಿ. ನಿವೃತ್ತ ಶಿಕ್ಷಕರು, ಕಲಾವಿದರು, ಅಧಿಕಾರಿಗಳ ಅನುಮತಿ ಪಡೆದು ವಾರಕ್ಕೊಂದು ಗಂಟೆ ಒಳಗೆ ಹೋಗಿ ಬನ್ನಿ. ಓದಿ ಮುಗಿಸಿದ ಕನ್ನಡ ಪುಸ್ತಕಗಳನ್ನು ಸೆರೆಮನೆಯ ಗ್ರಂಥಾಲಯಕ್ಕೆ ಕೊಡಿ. ಕೆಲಸ ಕೊಡಬಲ್ಲವರು, ಶಿಕ್ಷೆ ಮುಗಿಸಿ ಬಂದವನ ಅರ್ಜಿಯನ್ನು ಓದುವ ಮುನ್ನವೇ ಬದಿಗಿಡಬೇಡಿ.

ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಕನ್ನದ ಮಾರಿತಂದೆ ಎಂಬವನಿದ್ದಾನೆ. ಕನ್ನವೆಂದರೆ ಕಳ್ಳರು ಗೋಡೆಗೆ ಕೊರೆಯುವ ಕಿಂಡಿ. ಆತ ಮೊದಲು ಕಳ್ಳನಾಗಿದ್ದನೆಂದು ಪರಂಪರೆ ಹೇಳುತ್ತದೆ. ಶರಣರು ಅವನ ಹೆಸರಿನಿಂದ ಆ ಕನ್ನವನ್ನು ಅಳಿಸಲಿಲ್ಲ. ಹಿಂದಿನದನ್ನು ಮರೆತಂತೆ ನಟಿಸಲಿಲ್ಲ. ಆ ಹೆಸರಿನೊಡನೆಯೇ ಅವನನ್ನು ತಮ್ಮ ನಡುವೆ ಕೂರಿಸಿಕೊಂಡರು. ಅವನ ವಚನಗಳನ್ನು ಉಳಿಸಿ ನಮ್ಮವರೆಗೆ ತಲುಪಿಸಿದರು. ಅವರು ಮಾಡಿದ್ದನ್ನು ನಾವೂ ಮಾಡಬಹುದು.